ಊಟ ತಪ್ಪಿಸಿದ ಮಕ್ಕಳು

ಖಾನಾಪುರದ ಸಂತೆಯಲ್ಲಿ ಮೀಸೆ ನರೆತ ಗಂಡಸನ್ನೂ ನಡುದಾರಿಯಲ್ಲಿ ನಿಲ್ಲಿಸಿ, "ಏನಪಾ ಕರೆಪ್ಪ, ಹುಟ್ಟಿದ ದಿನಾನ ನನ್ನ ಊಟ ತಪ್ಪಿಸಿದಾಂವ ನೀ!" ಎಂದು ಬೈಯುವ ಹಕ್ಕು ನರ್ಸ್ ಸೋನಾಬಾಯಿ ಒಬ್ಬರಿಗೇ ಇತ್ತು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುತ್ತಿರಲಿಲ್ಲ. ನಮ್ಮೂರ ಕೂಸುಗಳೋ ದೀಪ ಹಚ್ಚುವ ಹೊತ್ತಿಗೇ ಹುಟ್ಟುತ್ತಿದ್ದವು. ಹೀಗಾಗಿ ಯಾರ ಹೆಸರು ಮರೆತರೂ ತಪ್ಪಿದ ಊಟವನ್ನು ಅವರು ಮರೆಯುತ್ತಿರಲಿಲ್ಲ. ಮಗ ವಿಪುಲ, "ನಾನರ ಲಗೂ ಹುಟ್ಟಿದ್ನಿಲ್ಲೋ, ಅವ್ವಾ?" ಎಂದರೆ, "ನೀನಾ? ಎರಡು ದಿನದ ಊಟ ನುಂಗಿದಿ!" ಎನ್ನುವರು. ನಿವೃತ್ತರಾಗಿ ಬೆಳಗಾವಿಯ ಮಹಾಂತೇಶ ನಗರಕ್ಕೆ ಹೋದ ಮೇಲೂ ಸುಮ್ಮನೆ ಕೂರಲಿಲ್ಲ. ಪಗಾರವಿಲ್ಲದಿದ್ದರೂ ಬಸ್ಸು ಹಿಡಿದು ಹಲಸಿಯವರೆಗೆ ಬಾಣಂತಿಯರನ್ನು ನೋಡಲು ಬರುವರು, ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಿದ ಅಜ್ಜಿಯರನ್ನು ಗದರುವರು, ಕೊನೆಗೆ ಆ ಅಜ್ಜಿಯರೇ ಮಾಡಿದ ಚಹಾ ಕುಡಿದು ಏಳುವರು. ನಮ್ಮ ಮನೆಗೆ ಬಂದಾಗಲೆಲ್ಲ ನನಗೆ, "ಮಾಯಕ್ಕಾ, ನಿನ್ನ ಮೂರೂ ಮಕ್ಕಳು ನನ್ನ ಊಟ ತಪ್ಪಿಸ್ಯಾವ ನೋಡು," ಎನ್ನುತ್ತಿದ್ದರು. ನನ್ನ ಮೊದಲ ಹೆಣ್ಣು ಕೂಸು ಬದುಕಿದ್ದು ಒಂದೇ ತಾಸು. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ಕೇಳಿದವರಿಗೆ ನಾನೂ ಎರಡೇ ಮಕ್ಕಳೆಂದು ಹೇಳುತ್ತಿದ್ದೆ. ಮೊನ್ನೆ, ಎಂಬತ್ತೆಂಟರ ವಯಸ್ಸಿನಲ್ಲಿ, ಸೋನಾಬಾಯಿ ತೀರಿಕೊಂಡರು. ಅವರ ಮನೆಯವರನ್ನು ಮಾತಾಡಿಸಲು ಹೋದಾಗ ಸೊಸೆ ಸ್ನೇಹಲ ಬಾಜೂಕೆ ಕುಳಿತು, "ನಿಮ್ಮ ಹೆರಿಗಿನೂ ನಮ್ಮ ಅತ್ತೀನ ಮಾಡಿಸಿದ್ರಂತ. ಎಷ್ಟು ಮಕ್ಕಳ್ರೀ ನಿಮಗ?" ಎಂದು ಕೇಳಿದಳು. ಈ ಸಲ ನಾನೇ, "ಮೂರವಾ," ಎಂದೆ.