ಗೋಲು ಕಂಬದ ಹಿಂದಿನ ನೆಲ

ಬೆಳಗ್ಗೆ ಕಾಫಿ ಮುಟ್ಟುವ ಮೊದಲು ಬಚ್ಚಪ್ಪ ಬರಿಗಾಲಲ್ಲಿ ಕೆರೆಯಂಗಳಕ್ಕೆ ಹೋಗುತ್ತಿದ್ದ. ಗೋಲು ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಇಟ್ಟಿಗೆ ಗೂಡಿನವರು ತೋಡಿದ ಗುಂಡಿಯ ಅಂಚಿನವರೆಗೆ ಹೆಜ್ಜೆ ಎಣಿಸುತ್ತಿದ್ದ. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. ಮನೆಗೆ ಬಂದರೆ ಹೆಂಡತಿ ಅಕ್ಕಯಮ್ಮ ಲೋಟ ಕೈಗಿಡುತ್ತ, “ಎಷ್ಟಾಯ್ತು?” ಎನ್ನುವಳು. ಅವನು ಹೇಳುವನು. ಅವಳು ದೇವರ ಗೂಡಿನ ಕಡೆ ತಿರುಗಿ ಕೈಮುಗಿಯುವಳು.

ನಮ್ಮ ಟೇಕಲ್ಲಿನ ಆ ಕೆರೆ ತುಂಬಿ ಎಷ್ಟೋ ವರ್ಷವಾಗಿತ್ತು. ಒಣಗಿದ ಅಂಗಳವೇ ಫುಟ್‌ಬಾಲ್ ಬಯಲು. ಬಚ್ಚಪ್ಪ ಚಿಕ್ಕಂದಿನಲ್ಲಿ ಗಣಿಯ ಊರಿನ ಸೋದರಮಾವನ ಮನೆಯಲ್ಲಿದ್ದು ಆಟ ಕಲಿತು ಬಂದವನು. ಎಪ್ಪತ್ತೊಂದರಿಂದ ನಮ್ಮ ತಂಡದ ಫಾರ್ವರ್ಡ್. ಮಾಲೂರು, ಕೋಲಾರ, ಶ್ರೀನಿವಾಸಪುರ, ಎಲ್ಲಿ ಆಡಿದರೂ ಅವನದು ಒಂದೇ ವಿದ್ಯೆ: ಚೆಂಡು ಒದ್ದ ಮೇಲೂ ಓಟ ನಿಲ್ಲಿಸುತ್ತಿರಲಿಲ್ಲ. ಗೋಲ್‌ಕೀಪರ್ ಕೈಜಾರಿ ಬಿಟ್ಟರೆ ಎರಡನೆಯ ಒದೆತಕ್ಕೆ ಅವನು ಅಲ್ಲೇ ಇರುತ್ತಿದ್ದ. ಎಪ್ಪತ್ತಾರರಲ್ಲಿ ಮುಳಬಾಗಿಲಿನಲ್ಲಿ ಹಾಗೆಯೇ ಗೋಲು ಹೊಡೆದು, ನಿಲ್ಲದೆ ಓಡಿ, ಕಂಬದ ಹಿಂದಿದ್ದ ಬಂಡೆಗೆ ಬಡಿದು ಮಂಡಿ ಮುರಿದುಕೊಂಡ. ಆಡುವುದು ಅಲ್ಲಿಗೆ ಮುಗಿಯಿತು. “ಕಾಲು ಹೋದ್ರೇನು, ಗೋಲು ಬಂತಲ್ಲ” ಎಂದು ಊರು ಅವನನ್ನು ಮ್ಯಾನೇಜರ್ ಮಾಡಿತು. ಅವನು ಕಲಿಸಿದ್ದೂ ಅದನ್ನೇ: ನೆಲ ನೋಡಬೇಡ, ನಿಲ್ಲಬೇಡ. ರೇಷ್ಮೆ ಸಾಕುವ ಮನೆಯ ಆಂಜಿನಪ್ಪ, ತಂಡದ ಹೊಸ ಫಾರ್ವರ್ಡ್, ಅದನ್ನು ಮೈಯಲ್ಲೇ ಇಳಿಸಿಕೊಂಡ.

ಎಂಬತ್ತೆರಡರಲ್ಲಿ ಇಟ್ಟಿಗೆ ಗೂಡಿನ ಚನ್ನರಾಯಪ್ಪ ಕೆರೆಮಣ್ಣು ತೆಗೆಯಲು ಕಾಗದ ಮಾಡಿಸಿಕೊಂಡ. ಗುಂಡಿ ಮೊದಲು ದೂರವಿತ್ತು, ಎಂಬತ್ತು ಹೆಜ್ಜೆ. ಸಂಕ್ರಾಂತಿಗೆ ಐವತ್ತು. ಮೂವತ್ತಕ್ಕಿಂತ ಕಡಿಮೆಯಾದಾಗಲೆಲ್ಲ ಬಚ್ಚಪ್ಪ ಗೋಲಿನ ನೀಲಗಿರಿ ಕಂಬಗಳನ್ನು ಕಿತ್ತು, ಗುಂಡಿಯಿಂದ ದೂರಕ್ಕೆ, ಬಯಲಿನೊಳಗೆ ನೆಡುತ್ತಿದ್ದ. ಬಯಲು ಮೋಟಾಗುತ್ತ ಬಂತು.

ಎಂಬತ್ತನಾಲ್ಕರ ಮುಂಗಾರಿನ ಮೊದಲ ಮಳೆಗೆ ಗುಂಡಿ ತುಂಬಿತು. ನೀರಿಗೂ ನೆಲಕ್ಕೂ ಒಂದೇ ಬಣ್ಣ. ಅಂಚು ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಮೇಯಲು ಹೋದ ಮುನಿಶಾಮಮ್ಮನ ಕರು ಮೂರನೆಯ ದಿನ ತೇಲಿತು. ಅಕ್ಕಯಮ್ಮ ಏರಿಯ ಮೇಲಿನ ಗಂಗಮ್ಮನಿಗೆ ಎರಡು ದೀಪ ಹಚ್ಚಿದಳು. ಒಂದು ಕರುವಿಗೆ. ಇನ್ನೊಂದು ಯಾರಿಗೆಂದು ಹೇಳಲಿಲ್ಲ.

ಅದಾಗಿ ಒಂದು ದಿನ ಬೆಳಗ್ಗೆ ದಡ ಕುಸಿದು ಹದಿನೆಂಟೇ ಹೆಜ್ಜೆ ಉಳಿದಿತ್ತು. ನಾಳೆ ಕಂಬ ಕಿತ್ತರಾಯಿತು ಎಂದುಕೊಂಡಿದ್ದ ಬಚ್ಚಪ್ಪ. ಸಂಜೆ ಆಂಜಿನಪ್ಪ ಗೋಲು ಹೊಡೆದು ಹಾಗೇ ಓಡಿದ.

“ನಿಲ್ಲೋ! ಲೇ, ನಿಲ್ಲೋ!” ಎಂದು ಬಚ್ಚಪ್ಪ ಕೂಗಿದ.

ಅವನು ನಿಂತಾಗ ಮುಂದೆ ನಾಲ್ಕು ಹೆಜ್ಜೆ ಇತ್ತು. ಅಂಚಿನ ಹೆಂಟೆಯೊಂದು ಜಾರಿ ನೀರಿನಲ್ಲಿ ಮುಳುಗಿತು.

“ನೀನೇ ಅಲ್ವೇನಣ್ಣ ನಿಲ್ಬೇಡ ಅಂತ ಹೇಳ್ಕೊಟ್ಟಿದ್ದು? ಒಂದು ಕಾಲಿಗೆ ಎರಡು ಪಾಠ ಹತ್ತಲ್ಲ ಕಣಣ್ಣ,” ಎಂದು ಆಂಜಿನಪ್ಪ ನಕ್ಕ. ಬಚ್ಚಪ್ಪ ನಗಲಿಲ್ಲ. ಮಂಡಿ ಒತ್ತಿಕೊಂಡು ಅಲ್ಲೇ ಕುಳಿತ.

ಮಾರನೆಯ ದಿನ ಕಂಬ ಕೀಳಲು ಎಲ್ಲರೂ ಸೇರಿದ್ದಾಗ ಚನ್ನರಾಯಪ್ಪ ಜೀಪಿನಲ್ಲಿ ಬಂದ.

“ಏನಪ್ಪಾ ಮ್ಯಾನೇಜರ್ರು, ಇನ್ನೂ ಈ ಸೌದೆ ಹೊತ್ಕೊಂಡೇ ತಿರುಗ್ತಿದ್ದೀಯಾ? ಕಬ್ಬಿಣದ ಪೈಪಿಂದು ಹಾಕಿಸ್ಕೊಡ್ತೀನಿ. ಬಲೆ ಸಮೇತ. ಬುಡಕ್ಕೆ ಸಿಮೆಂಟು. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ.”

ಆಟಗಾರರ ಮುಖ ಅರಳಿತು. “ಹೂಂ ಅನ್ನಣ್ಣ,” ಎಂದು ಆಂಜಿನಪ್ಪ ಪಿಸುಗುಟ್ಟಿದ.

“ಗುಂಡಿ ಎಲ್ಲಿಗೆ ನಿಲ್ಲಿಸ್ತೀರ, ಯಜಮಾನ್ರೇ?” ಬಚ್ಚಪ್ಪ ಕೇಳಿದ.

“ಒಳ್ಳೆ ಮಣ್ಣಿರೋಗಂಟ ತೆಗೀತಾರಪ್ಪ. ಅದೇ ಬೇರೆ, ಇದೇ ಬೇರೆ.”

ಬಚ್ಚಪ್ಪ ಹಿಂದಿನ ಕೆಂಪು ನೀರನ್ನೊಮ್ಮೆ ನೋಡಿದ. ನೀಲಗಿರಿ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸತೊಡಗಿದ.

“ಬ್ಯಾಡಿ ಯಜಮಾನ್ರೇ,” ಎಂದ. “ನಮಗೆ ಕೀಳಕ್ಕೆ ಬರೋ ಕಂಬಾನೇ ಇರ್ಲಿ.”