ಯಮನವ್ವನ ದವಡೆ

ಯಮನವ್ವ ಶಹಾಪುರದ ಕಡೆಯವಳು. ೧೯೭೮ರಲ್ಲಿ ಪುಣೆಯ ಕೋಥ್ರೂಡದ ನಮ್ಮ ಮನೆಯ ಹಿಂದೆ ಕಟ್ಟಡ ಏಳುತ್ತಿದ್ದಾಗ ಪರಿಚಯವಾದಳು. ಅವಳ ಮಾವ ಹುಸೇನಪ್ಪ ಗೋಡೆ ಕಟ್ಟುವ ಗೌಂಡಿ. ಕಲಸಿದ ಸಿಮೆಂಟಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಅವನಿಗೆ ಒದಗಿಸುವುದು ಅವಳ ಕೆಲಸ.

ಕೆಲವು ವರ್ಷಗಳಿಂದ ಅವಳ ದವಡೆ ನೋಯುತ್ತಿತ್ತು. ಬೆಳಿಗ್ಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಗಾಳಿ ತಾಕಿದರೂ ಕೆನ್ನೆ ಉರಿಯುತ್ತಿತ್ತು. ಹುಳುಕು ಹಲ್ಲೆಂದು ರಸ್ತೆ ಬದಿಯ ಹಲ್ಲು ಕೀಳುವವನೊಬ್ಬ ಮೂರು ಒಳ್ಳೆಯ ಹಲ್ಲುಗಳನ್ನು ಕಿತ್ತಿದ್ದ. ನೋವು ಹೋಗಲಿಲ್ಲ. ನಾಲ್ಕನೆಯದನ್ನು ಕೀಳಿಸಲು ಹೊರಟವಳನ್ನು ತಡೆದು, ಪುಣೆಯಲ್ಲೇ ಇದ್ದ ನನ್ನ ಪರಿಚಯದ, ಧಾರವಾಡ ಮೂಲದ ವೈದ್ಯೆ ಶಾಮಲಾ ಬಳಿಗೆ ಕರೆದೊಯ್ದೆ. ಹುಸೇನಪ್ಪನೂ ಬಂದು ಬಾಗಿಲ ಬಳಿ ಕುಳಿತ.

ಶಾಮಲಾ ಹಲ್ಲು ನೋಡಿದರು. ಕೆನ್ನೆಯ ಸ್ನಾಯುವನ್ನು ಒತ್ತಿದಾಗ ಯಮನವ್ವ ಹಿಂದಕ್ಕೆ ಸರಿದಳು.

"ಹಲ್ಲು ಗಟ್ಟಿ ಅದಾವ, ಕೀಳಿಸಬ್ಯಾಡ. ದಿನಾ ಏನರ ಕಚ್ಚಿ ಹಿಡೀತಿಯೇನು?"

"ಏನಿಲ್ಲರಿ," ಎಂದವಳೇ ಮಾವನ ಕಡೆ ನೋಡಿ ಸೆರಗಿನ ಅಂಚನ್ನು ಮತ್ತೆ ಕಚ್ಚಿದಳು.

ಮಾವನ ಮುಂದೆ ತಲೆಯ ಮೇಲಿನ ಸೆರಗು ಜಾರಬಾರದು. ಎರಡೂ ಕೈ ಬುಟ್ಟಿಗೆ ಬೇಕಾದಾಗ ಸೆರಗು ಹಿಡಿಯುವುದು ಹಲ್ಲು. ಮದುವೆಯಾದಂದಿನಿಂದ ದಿನವಿಡೀ ಹೀಗೇ.

"ಅದನ್ನ ಬಿಡು," ಎಂದರು ಶಾಮಲಾ.

"ಹೆಂಗ ಬಿಡೂದ್ರಿ? ಮಾವಾರು ಅದಾರ."

ಹುಸೇನಪ್ಪ ನೆಲ ನೋಡುತ್ತಲೇ ಹೇಳಿದ: "ನಾ ಗ್ವಾಡಿ ನೋಡ್ಕೋತ ಕಟ್ತೀನಿ ಯವ್ವಾ, ನಿನ್ನ ತಲಿ ನೋಡ್ಕೋತ ಅಲ್ಲ. ಸೆರಗು ಸೊಂಟಕ್ಕ ಸಿಗಿಸು."

ಮರುದಿನ ಅವಳು ಬರಿದಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಬುಟ್ಟಿ ಹೊತ್ತಳು. ಜೊತೆಗೆ ದುಡಿಯುತ್ತಿದ್ದ ನಾಗವ್ವ ಕೆಳಗಿನಿಂದ ಕೇಳಿದಳು: "ಏನ್ ಕಾಕಾ, ಸೊಸಿಗಿ ಪುಣೆ ಗಾಳಿ ಹತ್ತಿತೇನು?"

"ಹತ್ತೇದ. ಮೂರು ಹಲ್ಲ ಹೋಗ್ಯಾವ, ಇನ್ನೊಂದು ಕೊಡೂದಿಲ್ಲ."

ನೋವು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಬಹುಕಾಲ ನೊಂದ ನರಗಳು ಸಣ್ಣದಕ್ಕೂ ಬೆದರುತ್ತವೆ ಎಂದು ಶಾಮಲಾ ಮೊದಲೇ ಎಚ್ಚರಿಸಿದ್ದರು. ಬಿಸಿನೀರಿನ ಶಾಖ, ಗಂಜಿ, ಅಂಬಲಿ ಎಂದು ತಿಂಗಳುಗಳೇ ಕಳೆದವು. ಚಳಿಗೆ ಅವಳು ಕೆನ್ನೆ ಮುಚ್ಚಿ ಬಟ್ಟೆ ಕಟ್ಟಿಕೊಳ್ಳುವುದು ತಪ್ಪಲಿಲ್ಲ.

೧೯೮೪ರಲ್ಲಿ ಪುಣೆಯದೇ ಔಂಧದ ಕಟ್ಟಡವೊಂದರ ನೆರಳಿನಲ್ಲಿ ಮಾವ, ಸೊಸೆ ಇಬ್ಬರೂ ಸಿಕ್ಕರು. ಊಟದ ಹೊತ್ತು. ಯಮನವ್ವ ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿದ, ಒಣಗಿ ಗಟ್ಟಿಯಾದ ಕಟಕ ರೊಟ್ಟಿಯನ್ನು ಸದ್ದು ಮಾಡುತ್ತ ಅಗಿಯುತ್ತಿದ್ದಳು, ಮಾವನ ಎದುರಿಗೇ, ಬರಿದಲೆಯಲ್ಲಿ.

"ನಮ್ಮ ಮಾವಾರ ಪುಣ್ಯಾರಿ ಬಾಯಾರ," ಎಂದು ನನ್ನತ್ತ ತಿರುಗಿ ಹೇಳಿದಳು.

ಹುಸೇನಪ್ಪ ತನ್ನ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸುತ್ತಿದ್ದ. "ಆಕಿ ಹಲ್ಲು ಉಳಿಸೂದ್ರಾಗ ನನ್ನವು ಹೋದುವು ನೋಡ್ರಿ," ಎಂದ.