ಗುಂಡಿ ಅತ್ತೆಯ ನೀಲಿ ಪರದೆ

ನನ್ನ ಸೋದರತ್ತೆ ದರ್ಜಿ. ಊರಿಗೆಲ್ಲ ಅವಳು ಗುಂಡಿ ಅತ್ತೆ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ತಾತಂದಿರ ಬಾಯಲ್ಲೂ ಅದೇ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಬಟ್ಟೆ ಹಾಕಿ ನೋಡಲು ಮೂಲೆಯಲ್ಲೊಂದು ನೀಲಿ ಪರದೆ, ಇಷ್ಟೇ ಅವಳ ಅಂಗಡಿ. ಆ ಪರದೆಯ ಹಿಂದೆ ಅವಳು ಬೆರಳು ಚುಚ್ಚಿ, ಒಂದು ಹನಿ ರಕ್ತ ತೆಗೆದು, ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾಳೆ. ತರಬೇತಿ ಪಡೆದ ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿದ್ದಾಳೆ. ಕಾಂಡೋಮ್ ಬೇಕಾದವರು ದಾರದ ಪೆಟ್ಟಿಗೆಗೆ ಕೈ ಹಾಕಿ ತೆಗೆದುಕೊಳ್ಳಬಹುದು. "ನೀವು ನಾಚ್ಕೊಂಡು ಕೂತ್ರೆ ಕಾಯಿಲೆನೂ ನಾಚ್ಕೊಂಡು ಓಡಿಹೋಗುತ್ತಾ?" ಎಂದು ಮೀಸೆ ಹೊತ್ತ ಗಂಡಸರನ್ನೇ ಗದರುತ್ತಾಳೆ.

ನಮ್ಮವರು ಈ ನೆಲದ ಮೂಲನಿವಾಸಿಗಳು. ಇರುವುದೇ ಮುನ್ನೂರು ಮನೆ, ಎಲ್ಲರೂ ಎಲ್ಲರಿಗೂ ಏನಾದರೂ ಆಗಲೇಬೇಕು. ಹಿಂದೊಮ್ಮೆ ಆಸ್ಪತ್ರೆಯ ರಿಜಿಸ್ಟರಿನಲ್ಲಿದ್ದ ಹೆಸರೊಂದು ಹೇಗೋ ಹೊರಬಿದ್ದು, ಸಂಜೆಯೊಳಗೆ ಊರೆಲ್ಲ ಗುಲ್ಲಾಯಿತು. ಅದನ್ನು ಕಂಡ ಮೇಲೆ ನನ್ನ ಮಾವ, ಅತ್ತೆಯ ಗಂಡ, ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅವನಿಗೇನಾಗಿದೆ ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ದಿನಾ ಮಾತ್ರೆ ನುಂಗಿ ಇಂದಿಗೂ ನಮ್ಮ ನಡುವೆ ಇರಬಹುದಾಗಿದ್ದ ಮನುಷ್ಯ.

ಅದಕ್ಕೇ ಅತ್ತೆ ಹೆಸರು ಬರೆಯುವುದಿಲ್ಲ. ಡಬ್ಬಿಯಿಂದ ಒಂದೇ ಥರದ ಎರಡು ಗುಂಡಿ ತೆಗೆಯುತ್ತಾಳೆ. ಒಂದು ಬಂದವರ ಕೈಗೆ, ಇನ್ನೊಂದು ಫಲಿತಾಂಶದ ಚೀಟಿಗೆ. ಗುಂಡಿಗೆ ಗುಂಡಿ ಹೊಂದಿದರೆ ಚೀಟಿ ಅವರದು. ಹೊರಗೆ ಯಾರಾದರೂ ಕೆದಕಿ ಕೇಳಿದರೆ "ಅಳತೆ ಕೊಟ್ಟೆ" ಅಂದರೆ ಮುಗಿಯಿತು. ಹಾಗೆ ಅಳತೆ ಕೊಟ್ಟವರಲ್ಲಿ ಎಷ್ಟೋ ಜನ ಹೊಸ ಬಟ್ಟೆ ತೊಟ್ಟದ್ದನ್ನು ಯಾರೂ ಕಂಡಿಲ್ಲ, ಯಾರೂ ಕೇಳಿಲ್ಲ. ಆರು ವರ್ಷದಲ್ಲಿ ಒಂಬತ್ತು ಜನರಿಗೆ ಸೋಂಕು ಪತ್ತೆಯಾಯಿತು. ಒಬ್ಬೊಬ್ಬರನ್ನೂ ಅತ್ತೆಯೇ ಪಕ್ಕದ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಒಂಬತ್ತೂ ಜನ ಮಾತ್ರೆ ತಪ್ಪಿಸದೆ ಗಟ್ಟಿಮುಟ್ಟಾಗಿದ್ದಾರಂತೆ. ಅವರು ಯಾರೆಂದು ಪಕ್ಕದ ಯಂತ್ರದಲ್ಲೇ ಹೊಲಿಯುವ ನನಗೂ ಗೊತ್ತಿಲ್ಲ.

ಕಳೆದ ವಾರ ಆರೋಗ್ಯ ಇಲಾಖೆಯ ಮೇಡಂ ತಪಾಸಣೆಗೆ ಬಂದರು. ಗುಂಡಿ ಡಬ್ಬಿ ನೋಡಿ ಹುಬ್ಬು ಗಂಟಿಕ್ಕಿದರು.

"ಇದೆಲ್ಲ ಮಕ್ಕಳಾಟ. ಹೆಸರಿನ ಪಟ್ಟಿ ಕೊಡಿ, ಇಲ್ಲಾಂದ್ರೆ ಇವತ್ತಿಂದ ಕಿಟ್ ಕಳಿಸಲ್ಲ."

ಪರೀಕ್ಷೆಯ ಕಿಟ್ ನಿಂತರೆ ಮತ್ತೊಬ್ಬ ಮಾವನನ್ನು ಕಳೆದುಕೊಳ್ಳುತ್ತೇವೆ. ಅತ್ತೆ ಯಂತ್ರದ ಮೇಲಿಂದ ಕಾಲನ್ನೂ ತೆಗೆಯಲಿಲ್ಲ.

"ಪಟ್ಟಿ ಇಲ್ಲ ಮೇಡಂ. ಇದ್ದಿದ್ರೂ ಕೊಡ್ತಿರಲಿಲ್ಲ."

"ಹೆಸರು ಹೇಳೋಕೆ ಅಷ್ಟೊಂದು ಭಯ ಯಾಕ್ರೀ? ಅವರೇನು ಕಳ್ಳತನ ಮಾಡಿದಾರಾ?"

"ಹಾಗಾದ್ರೆ ನೀವೇ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ನನ್ನ ಕೆಲಸ ತಪಾಸಣೆ ಮಾಡಿದ ಹಾಗೂ ಆಗುತ್ತೆ."

ಮೇಡಂ ಪರದೆಯ ಹಿಂದೆ ಹೋದರು, ಗುಂಡಿ ಡಬ್ಬಿ ಹಿಡಿದು ಅತ್ತೆಯೂ ಹೋದಳು. ಇಪ್ಪತ್ತು ನಿಮಿಷ ನಾನು ಹೊಲಿದ ಅಂಚು ಅಷ್ಟೂ ಸೊಟ್ಟ. ಮೇಡಂ ಹೊರಬಂದಾಗ ಅವರ ಬಲಗೈ ಮುಷ್ಟಿ ಬಿಗಿಯಾಗಿತ್ತು. ಅಷ್ಟರಲ್ಲಿ ಅವರ ಡ್ರೈವರ್ ಬಾಗಿಲಲ್ಲಿ ಇಣುಕಿದ.

"ಇಷ್ಟ್ ಹೊತ್ತು ಒಳಗೇನ್ ಮಾಡ್ತಿದ್ರಿ ಮೇಡಂ?"

ಮೇಡಂ ಅತ್ತೆಯ ಮುಖ ನೋಡಿದರು. ಅತ್ತೆ ಆಗಲೇ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅಳತೆ ಕೊಟ್ಟೆ," ಅಂದರು ಮೇಡಂ.

ಸೋಮವಾರ ಕಿಟ್ ಬಂದವು, ಎಂದಿಗಿಂತ ಎರಡು ಪೆಟ್ಟಿಗೆ ಹೆಚ್ಚಿಗೆ. ಗುಂಡಿ ಅತ್ತೆಯ ಸೋದರಸೊಸೆ ನಾನು ಎಂದು ಈಗ ಕೇಳದವರಿಗೂ ಹೇಳಿಕೊಂಡು ತಿರುಗುತ್ತೇನೆ. ಮೇಡಂ ಮುಷ್ಟಿಯಲ್ಲಿದ್ದ ಗುಂಡಿ ಯಾವ ಬಣ್ಣದ್ದು ಅಂತ ಮಾತ್ರ ನನ್ನನ್ನು ಕೇಳಬೇಡಿ.